ಅಟ್ಟ ಹತ್ತಿದ ಹದಿನಾಲ್ಕನೇ ಪಾಠ

ಪಾಠ ಹೇಳುವವರಿಗೆ ಪಾಠ ಬರುತ್ತದೆ ಎನ್ನುವುದು ಲೋಕದ ಮುಗ್ಧ ನಂಬಿಕೆ. ಆ ನಂಬಿಕೆಯ ಮೇಲೆಯೇ ನಾನು ಇಪ್ಪತ್ತೆರಡು ವರ್ಷದಿಂದ ತಿಪಟೂರಿನಲ್ಲಿ ಮರ್ಯಾದೆಯಾಗಿ ಬದುಕಿಕೊಂಡು ಬಂದಿದ್ದೇನೆ. ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಹತ್ತನೇ ಕ್ಲಾಸಿನವರಿಗೆ ಟ್ಯೂಷನ್ ಹೇಳುತ್ತೇನೆ. ಗಣಿತ, ವಿಜ್ಞಾನ, ಇಂಗ್ಲಿಷು, ಬೇಕೆಂದರೆ ಸಮಾಜಕ್ಕೂ ಸೈ. ನನ್ನ ಹೆಸರು ಗಿರಿಜ ಎಂದು ಊರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ; ಟ್ಯೂಷನ್ ಮಿಸ್ಸು ಎಂದರೆ ಸೊಪ್ಪು ಮಾರುವವಳೂ ಮನೆ ತೋರಿಸುತ್ತಾಳೆ. ಈ ಖ್ಯಾತಿಗೆ ಕಾರಣ ನನ್ನ ವಿದ್ವತ್ತಲ್ಲ, ನಾನು ಹೇಳುವ ಭವಿಷ್ಯ. ಪರೀಕ್ಷೆ ಹತ್ತಿರ ಬಂತೆಂದರೆ ಪುಸ್ತಕ ಕೈಗೆತ್ತಿಕೊಂಡು, ಕನ್ನಡಕದ ಮೇಲಿನಿಂದ ಮಕ್ಕಳನ್ನು ನೋಡಿ, "ಇದು ಬರುತ್ತೆ, ಓದ್ಕೊಳ್ಳಿ. ಇದು ಬರಲ್ಲ, ಚಾಯ್ಸಿಗೆ ಬಿಟ್ಬಿಡಿ" ಎಂದು ಹೇಳುತ್ತೇನೆ. ಆ ಗತ್ತು ನೋಡಿದರೆ ಪ್ರಶ್ನೆಪತ್ರಿಕೆ ತೆಗೆಯುವವರು ನನ್ನನ್ನು ಒಂದು ಮಾತು ಕೇಳಿಯೇ ಮುಂದುವರಿಯುತ್ತಾರೇನೋ ಅನ್ನಿಸಬೇಕು. ಯಾವ ಆಧಾರದ ಮೇಲೆ ಹೇಳುತ್ತೇನೆ ಎಂಬುದನ್ನು ನನ್ನ ಗಂಡನಿಗೂ ಹೇಳಿಲ್ಲ, ನಿಮಗೆ ಹೇಳಿಬಿಡುತ್ತೇನೆ. ನನ್ನ ತಲೆಗೆ ಹತ್ತದ ಪಾಠ ಪರೀಕ್ಷೆಗೆ ಬರುವುದಿಲ್ಲ. ಅಷ್ಟೇ ಸೂತ್ರ. ಮಕ್ಕಳು ವರ್ಷಾವರ್ಷ ಪಾಸಾಗುತ್ತಲೇ ಇದ್ದುದರಿಂದ ಈ ಸೂತ್ರವನ್ನು ಪರಿಶೀಲಿಸುವ ಅಗತ್ಯ ನನಗೆ ಯಾವತ್ತೂ ಬೀಳಲಿಲ್ಲ.

ಹೀಗೆ ಸುಖವಾಗಿದ್ದವಳ ಮನೆಗೆ ಜಪಾನ್ ದೇಶ ನುಗ್ಗಿದ್ದು ನನ್ನ ತಂಗಿಯ ಮಗಳು ಚೈತ್ರಾಳಿಂದ. ಚೈತ್ರ ನರ್ಸು. ಶೆಟ್ಟಿಕೆರೆಯಿಂದ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಬಂದು ಇಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಾಳೆ. ಚಿಕ್ಕಂದಿನಿಂದಲೂ ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಹಬ್ಬಕ್ಕೆ ಬಟ್ಟೆ ತರಲು ಹೋದರೂ ಅಮ್ಮ ತೋರಿಸಿದ ಮೊದಲನೇ ಚೂಡಿದಾರವನ್ನೇ ಹಿಡಿದುಕೊಂಡು ನಡಿ ಅನ್ನುವ ಹುಡುಗಿ. ಅಂಥವಳು ಮೊದಲ ಸಲ ಒಂದನ್ನು ಕೇಳಿದ್ದಳು. ಜಪಾನಿನಲ್ಲಿ ವಯಸ್ಸಾದವರು ಜಾಸ್ತಿ, ನೋಡಿಕೊಳ್ಳುವವರು ಕಡಿಮೆಯಂತೆ. ಇಲ್ಲಿಯ ನರ್ಸುಗಳನ್ನು ಕರೆಸಿಕೊಳ್ಳುತ್ತಾರಂತೆ. ಡಿಸೆಂಬರಿನಲ್ಲಿ ಅವರ ಭಾಷೆಯ ಮೊದಲನೇ ಪರೀಕ್ಷೆ ಪಾಸಾದರೆ ತರಬೇತಿಗೆ ಜಾಗ, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ತಂಗಿ ಸರೋಜ ಮಗಳನ್ನು ಬೆಂಗಳೂರಿನ ಒಂದು ಕ್ಲಾಸಿಗೆ ಸೇರಿಸುವುದೆಂದು ಎಲ್ಲ ಗೊತ್ತುಮಾಡಿಕೊಂಡು, ಹೋಗುವ ದಾರಿಯಲ್ಲಿ ಅಕ್ಕನಿಗೊಂದು ಮಾತು ಹೇಳಿ ಹೋಗೋಣ ಅಂತ ನಮ್ಮ ಮನೆಗೆ ಬಂದಳು. ಬರಬಾರದಿತ್ತು.

"ಬೆಂಗಳೂರು ಯಾಕೆ? ನಾನು ಸತ್ತಿದ್ದೀನಾ?" ಅಂದೆ. ಪುಸ್ತಕ ಅಂದಮೇಲೆ ಎಲ್ಲ ಪುಸ್ತಕಗಳೂ ಒಂದೇ, ಮುಂದೆ ಪಾಠ ಇರುತ್ತದೆ, ಹಿಂದೆ ಪ್ರಶ್ನೆ ಇರುತ್ತದೆ, ಭಾಷೆ ಯಾವುದಾದರೇನು ಎಂದು ಅರ್ಧ ಗಂಟೆ ಭಾಷಣ ಕೊಟ್ಟೆ. ಅದೂ ಸಾಲದೆಂದು, ಧೈರ್ಯಕ್ಕೆ ಅವಳ ಜೊತೆ ನಾನೂ ಪರೀಕ್ಷೆಗೆ ಕೂರುತ್ತೇನೆ ಎಂದು ಘೋಷಿಸಿಬಿಟ್ಟೆ. ನನ್ನ ಗಂಡ ಕಾಫಿ ಲೋಟದಿಂದ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ ಮತ್ತೆ ಲೋಟದೊಳಗೆ ಹೋದರು. ಸರೋಜ ಮಾತ್ರ ನನ್ನ ಕೈ ಹಿಡಿದುಕೊಂಡು, "ನಿನ್ನ ನಂಬ್ಕಂಡು ಬೆಂಗಳೂರು ಬುಟ್ಟಿದ್ದೀನಿ ಕಣಕ್ಕ" ಅಂದಳು. ಆಗ ನನಗೆ ಆ ಮಾತಿನ ತೂಕ ಗೊತ್ತಾಗಲಿಲ್ಲ. ನನಗೆ ಆಗ ಜಪಾನಿ ಭಾಷೆಯಲ್ಲಿ ಒಂದು ಅಕ್ಷರವೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಚೈತ್ರಾಳ ಆಸ್ಪತ್ರೆಯ ಹಿರಿಯ ನರ್ಸೊಬ್ಬರ ಹತ್ತಿರ ಪುಸ್ತಕ ಸಿಕ್ಕಿತು. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ರಿಯಾಜ್, ಅವನೂ ನನ್ನ ಹಳೇ ಶಿಷ್ಯನೇ, ಅದನ್ನು ಪ್ರತಿ ತೆಗೆದು ಸುರುಳಿ ಬೈಂಡಿಂಗ್ ಮಾಡಿಕೊಟ್ಟ. ದಿನಾ ಮಧ್ಯಾಹ್ನ ಮೂರೂವರೆಗೆ ಚೈತ್ರ ಡ್ಯೂಟಿ ಮುಗಿಸಿ ಬರುವಳು, ಒಂದು ಗಂಟೆ ಪಾಠ. ಐದಕ್ಕೆ ನನ್ನ ಹತ್ತನೇ ಕ್ಲಾಸಿನ ಮಂದೆ ಬರುವುದು. ಅವಳ ಬಸ್ಸು ಆರೂವರೆಗೆ. ಅಲ್ಲಿಯವರೆಗೆ ಒಳಗೆ ನಮ್ಮತ್ತೆಯ ಜೊತೆ ಮಾತಾಡಿಕೊಂಡಿರುತ್ತಾಳೆ ಎಂದು ನಾನು ತಿಳಿದಿದ್ದೆ. ಅವಳಿಗಿಂತ ಒಂದು ಪಾಠ ಮುಂದಿದ್ದರೆ ಸಾಕು ಎನ್ನುವುದು ನನ್ನ ಲೆಕ್ಕಾಚಾರ. ಬೆಳಿಗ್ಗೆ ರುಬ್ಬುತ್ತಾ, ಒರೆಸುತ್ತಾ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಆ ದಿನದ ಪಾಠ ಕೇಳುವುದು, ಮಧ್ಯಾಹ್ನ ಅದನ್ನು ಹುಟ್ಟಿದಾಗಿನಿಂದ ಗೊತ್ತಿದ್ದವಳ ಹಾಗೆ ಹೇಳುವುದು.

ಮೊದಲ ಆರು ಪಾಠ ಬಾಳೆಹಣ್ಣು ಸುಲಿದ ಹಾಗೆ ಹೋದವು. ಜಪಾನಿಗಳು ಪಾಪ, ನಮ್ಮ ಹಾಗೇ ವಾಕ್ಯ ಮಾಡುತ್ತಾರೆ. ನಾನು ತಿಪಟೂರಿಗೆ ಬಸ್ಸಿನಲ್ಲಿ ಹೋಗುತ್ತೇನೆ ಎನ್ನುವುದನ್ನು ಅದೇ ಕ್ರಮದಲ್ಲಿ ಹೇಳುತ್ತಾರೆ. ಬಸ್ಸಿಗೂ ಬಸು ಅಂತಲೇ ಅನ್ನುತ್ತಾರೆ. ಇದು ಕನ್ನಡವೇ, ಹಡಗಿನಲ್ಲಿ ಹೋಗುವಾಗ ಸ್ವಲ್ಪ ನೆಂದಿದೆ ಅಷ್ಟೇ ಎಂದು ನಾನು ಓಣಿಯ ಹೆಂಗಸರಿಗೆಲ್ಲ ವಿವರಿಸಿದೆ. ಏಳನೇ ಪಾಠದಲ್ಲಿ ಕೊಡುವುದು ತೆಗೆದುಕೊಳ್ಳುವುದು ಬಂತು. ಯಾರು ಯಾರಿಗೆ ಕೊಟ್ಟರು ಎನ್ನುವುದರ ಮೇಲೆ ಮಾತು ಬೇರೆ ಬೇರೆ ಆಗುತ್ತದೆ. ನಾನು ಬೋರ್ಡಿನ ಮೇಲೆ ಬಾಣ ಬಿಡಿಸಿ, ಬಾಣ ನನ್ನ ಕಡೆಗೇ ತಿರುಗಿ, ಬೆವರಿದೆ. ಬಾಗಿಲಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ, "ಅದರಲ್ಲೇನೈತೆ? ಮದುವೇಲಿ ಮುಯ್ಯಿ ಮಾಡಲ್ವಾ? ನಾವು ಮಾಡಿದ್ದು ಒಂದು ಲೆಕ್ಕ, ನಮಗೆ ಬಂದಿದ್ದು ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಬಾಯಲ್ಲಿ ಹೇಳಕ್ಕಾಗುತ್ತಾ?" ಎಂದರು. ಚೈತ್ರ ತಟ್ಟನೆ ಬರೆದುಕೊಂಡಳು. ಅವಳಿಗೆ ಅರ್ಥವಾಯಿತು, ನಮ್ಮತ್ತೆಗೆ ಮೊದಲೇ ಅರ್ಥವಾಗಿತ್ತು. ಮೂವರಲ್ಲಿ ಟೀಚರ್ ಒಬ್ಬಳು ಉಳಿದಳು.

ಹನ್ನೊಂದನೇ ಪಾಠ ಎಣಿಕೆಯದು. ಎಣಿಸುವುದರಲ್ಲಿ ಏನಿದೆ ಎಂದು ನೀವು ಕೇಳಬಹುದು. ಆ ಜನ ಉದ್ದನೆಯ ವಸ್ತುವಿಗೆ ಒಂದು ಎಣಿಕೆ, ಚಪ್ಪಟೆಯದಕ್ಕೆ ಒಂದು, ದುಂಡಗಿನದಕ್ಕೆ ಇನ್ನೊಂದು, ನಾಯಿ ಬೆಕ್ಕಿಗೆ ಬೇರೆ, ಹಕ್ಕಿಗೆ ಬೇರೆ, ಪುಸ್ತಕಕ್ಕೆ ಬೇರೆ ಇಟ್ಟುಕೊಂಡಿದ್ದಾರೆ. ನಮ್ಮ ತೋಟಕ್ಕೆ ಒಬ್ಬ ಜಪಾನಿ ಬಂದರೆ ಮರಕ್ಕೊಂದು ಲೆಕ್ಕ, ಕಾಯಿಗೊಂದು ಲೆಕ್ಕ, ಮರ ಹತ್ತಿದವನಿಗೊಂದು ಲೆಕ್ಕ ಹಾಕುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ನಾವಾದರೋ ಮನುಷ್ಯರನ್ನು ಇಬ್ಬರು ಮೂವರು ಎಂದು ಮರ್ಯಾದೆಯಿಂದ ಎಣಿಸಿದ್ದೇ ದೊಡ್ಡದು ಎಂದುಕೊಂಡಿದ್ದೇವೆ. ಆ ಪಾಠವನ್ನು ಮೂರು ದಿನ ತಿರುವಿಹಾಕಿ, "ಇದು ಅಷ್ಟು ಇಂಪಾರ್ಟೆಂಟ್ ಅಲ್ಲ" ಎಂದೆ. ಬಾಯಿಂದ ಆ ಮಾತು ಹೊರಟ ಕೂಡಲೇ ಎಂಥ ನೆಮ್ಮದಿ ಆಯಿತೆಂದರೆ, ಚಪ್ಪಲಿ ಕಚ್ಚುತ್ತಿದ್ದವಳು ಚಪ್ಪಲಿ ಬಿಟ್ಟ ಹಾಗೆ.

ಆಮೇಲೆ ಬಂದದ್ದು ಹದಿನಾಲ್ಕು. ಕ್ರಿಯಾಪದಗಳು ವೇಷ ಬದಲಾಯಿಸುವ ಪಾಠ ಅದು. ಅಲ್ಲಿಯವರೆಗೆ ಒಬ್ಬೊಬ್ಬರನ್ನೇ ಮುಖ ನೋಡಿ ಗುರುತು ಹಿಡಿದಿದ್ದೆ. ಈ ಪಾಠದಲ್ಲಿ ಎಲ್ಲರೂ ತಲೆ ಬೋಳಿಸಿಕೊಂಡು ಬಂದು ನಾನ್ಯಾರು ಹೇಳಿ ಎಂದು ನಿಂತುಬಿಟ್ಟರು. ಐದು ಬೇರೆ ಬೇರೆ ವಿಡಿಯೋ ನೋಡಿದೆ. ಒಬ್ಬಳು ಅದನ್ನು ಹಾಡು ಕಟ್ಟಿ ಹೇಳಿಕೊಟ್ಟಳು. ನಾನೂ ಗ್ರೈಂಡರಿನ ಜೊತೆ ಸ್ವರ ಸೇರಿಸಿ ಹಾಡಿದೆ. ಪಕ್ಕದ ಮನೆಯವರು ಬಂದು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿಕೊಂಡು ಹೋದರು. ಪಾಠ ಮಾತ್ರ ಕಬ್ಬಿಣದ ಕಡಲೆಯಾಗಿಯೇ ಉಳಿಯಿತು.

ನಮ್ಮ ಕಡೆಯವರಲ್ಲದೆ ಇನ್ಯಾರೂ ಮಾಡದ ತಪ್ಪನ್ನು ನಾನು ಮಾಡಿದ್ದು ಆಗಲೇ. ಆ ವಾರ ನಮ್ಮ ತೋಟದ ಕಾಯಿಗಳನ್ನು ಅಟ್ಟಕ್ಕೆ ಹಾಕಿಸುತ್ತಿದ್ದೆವು. ಕೊಬ್ಬರಿ ಆಗುವ ರೀತಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ತಾನಾಗಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆಗ ಒಡೆದರೆ ಇಡೀ ಉಂಡೆ ಕೊಬ್ಬರಿ. ನಮ್ಮತ್ತೆ ಏಣಿ ಹಿಡಿದುಕೊಂಡು ಆಳುಗಳಿಗೆ ಹೇಳುತ್ತಿದ್ದರು: "ಆತುರ ಬಿದ್ದು ಒಡೆದ್ರೆ ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ಬರೀನೂ ಅಲ್ಲ ಕಣ್ರಪ್ಪ." ಆ ಮಾತು ಕಿವಿಗೆ ಬೀಳುತ್ತಲೇ ನನಗೆ ಜ್ಞಾನೋದಯವಾಯಿತು. ತಿಪಟೂರು ಸೀಮೆ ತಲೆತಲಾಂತರದಿಂದ ಸುಮ್ಮನೆ ಇಟ್ಟು ಹಣ್ಣು ಮಾಡಿದ ವಿದ್ಯೆ ನಮ್ಮದು. ಒಂದು ಪಾಠ ಯಾವ ಲೆಕ್ಕ? ಚೈತ್ರಾಳನ್ನು ಕರೆದು, "ನೋಡಮ್ಮ, ಹದಿನಾಲ್ಕು ಇನ್ನೂ ಹಸಿ. ಈಗ ಮುಟ್ಟಿದರೆ ಕೆಟ್ಟುಹೋಗುತ್ತೆ. ಅಟ್ಟಕ್ಕೆ ಹಾಕೋಣ, ಹೇಗೂ ಪರೀಕ್ಷೆಗೆ ಬರಲ್ಲ" ಎಂದೆ. ಬೇರೆ ಊರಿನ ಹುಡುಗಿಯಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಚೈತ್ರ ನನ್ನ ಮುಖ ನೋಡಿ, "ಸರಿ ದೊಡ್ಡಮ್ಮ" ಅಂದಳು.

ನಾನು ಅರೆಬರೆ ಕೆಲಸದವಳಲ್ಲ. ಪುಸ್ತಕದಲ್ಲೇ ಇದ್ದರೆ ಆ ಪುಟಗಳು ಕಣ್ಣಿಗೆ ಬಿದ್ದು ಹೆದರಿಸುತ್ತವೆ ಎಂದು ರಿಯಾಜನ ಅಂಗಡಿಗೆ ಹೋಗಿ ಸುರುಳಿ ಬಿಚ್ಚಿಸಿ, ಹನ್ನೊಂದನ್ನೂ ಹದಿನಾಲ್ಕನ್ನೂ ತೆಗೆಸಿ, ಮತ್ತೆ ಬೈಂಡ್ ಮಾಡಿಸಿದೆ. ತೆಗೆದ ಹಾಳೆಗಳನ್ನು ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಚೈತ್ರಾಳ ಕೈಗೆ ಕೊಟ್ಟೆ, ಅವಳು ಏಣಿ ಹತ್ತಿ ಕಾಯಿಗಳ ಮಧ್ಯೆ ಇಟ್ಟು ಬಂದಳು. ಒಂದು ಸಲ ರುಚಿ ಹತ್ತಿದ ಮೇಲೆ ಕೈ ನಿಲ್ಲುತ್ತದೆಯೇ? ಹದಿನೇಳು ಹೋಯಿತು, ಹತ್ತೊಂಬತ್ತು ಹೋಯಿತು, ಇಪ್ಪತ್ತರಿಂದ ಇಪ್ಪತ್ತಮೂರು ಒಂದೇ ಕಂತಿನಲ್ಲಿ ಹೋದವು. ದಸರಾ ಹೊತ್ತಿಗೆ ನಾನು ಅಂಗಡಿ ಮೆಟ್ಟಿಲು ಹತ್ತುವುದನ್ನು ಕಂಡರೆ ರಿಯಾಜ್ ಕತ್ತರಿ ಎತ್ತಿಕೊಳ್ಳುತ್ತಿದ್ದ. "ಏನ್ ಮಿಸ್, ಮತ್ತೆ ಬಿಚ್ಬೇಕಾ? ಇನ್ನೊಂದು ಸಲ ಬಂದ್ರೆ ಮುಂದಿನ ರಟ್ಟು, ಹಿಂದಿನ ರಟ್ಟು ಎರಡೇ ಉಳಿಯೋದು" ಅಂದ. ನಾನು ಗಂಭೀರವಾಗಿ, "ಸಾರ ಅಷ್ಟೇ ಇಟ್ಕೋತಿದ್ದೀನಿ ಕಣಪ್ಪ" ಅಂದೆ. ಅವನು ತಲೆ ತಗ್ಗಿಸಿ ಏನೋ ನುಂಗಿಕೊಂಡ. ಗೌರವದಿಂದ ಮೌನವಾದ ಎಂದುಕೊಂಡೆ.

ನವೆಂಬರ್ ಕೊನೆಗೆ ಚೈತ್ರ ಒಂದು ಮಾದರಿ ಪ್ರಶ್ನೆಪತ್ರಿಕೆ ತಂದು ನನ್ನ ಮುಂದೆ ಇಟ್ಟು ಡ್ಯೂಟಿಗೆ ಹೋದಳು. ನಾನು ಕನ್ನಡಕ ಏರಿಸಿಕೊಂಡು ಕೂತೆ. ಮೊದಲನೇ ಪ್ರಶ್ನೆ ಎಣಿಕೆಯದು. ಎರಡನೆಯದು ಹದಿನಾಲ್ಕನೇ ಪಾಠದ್ದು. ಮೂರನೆಯದೂ ಹದಿನಾಲ್ಕನೇ ಪಾಠದ್ದೇ. ಪುಟ ತಿರುಗಿಸಿದೆ, ಹದಿನೇಳು, ಹತ್ತೊಂಬತ್ತು, ಇಪ್ಪತ್ತು ಸಾಲಾಗಿ ನಿಂತಿದ್ದವು. ನಮ್ಮ ಅಟ್ಟವನ್ನು ಯಾರೋ ಬುಡಮೇಲು ಮಾಡಿ ಕಾಗದದ ಮೇಲೆ ಸುರಿದ ಹಾಗಿತ್ತು. ಪರೀಕ್ಷೆಗೆ ಹತ್ತು ದಿನವಿತ್ತು. ನನ್ನ ಸೂತ್ರ ಹಾಳಾಗಿ ಹೋಗಲಿ. ಜೀವಮಾನದಲ್ಲಿ ಒಂದೇ ಒಂದನ್ನು ಕೇಳಿದ್ದ ಹುಡುಗಿಯ ಕೈಯಿಂದ ಅದನ್ನು ನಾನು, ನನ್ನ ಬಾಯಿಬಡುಕತನ ಸೇರಿ ಕಿತ್ತುಕೊಂಡಿದ್ದೆವು. ಸರೋಜಳಿಗೆ ಏನು ಹೇಳಲಿ? ಅಡುಗೆಮನೆಯಲ್ಲಿ ಒಬ್ಬಳೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಅಳುವುದು ಮುಗಿದ ಮೇಲೆ ಏಣಿ ಹತ್ತಿದೆ. ನನ್ನ ಮಂಡಿಗಳು ಅಟ್ಟ ಕಂಡು ಎಷ್ಟೋ ವರ್ಷವಾಗಿತ್ತು. ಮೂರನೇ ಮೆಟ್ಟಿಲಲ್ಲಿ ಏಣಿ ಕಿರ್ರೆಂದಿತು, ನಾನೂ ಕಿರ್ರೆಂದೆ. ಕಾಯಿಗಳ ಮೇಲೆ ತೆವಳಿಕೊಂಡು ಹೋಗಿ, ತಲೆಗೆಲ್ಲ ಜೇಡರ ಬಲೆ ಸುತ್ತಿಕೊಂಡು ಗಂಟು ಹುಡುಕಿ ಬಿಚ್ಚಿದೆ. ಹಾಳೆಗಳ ಅಂಚಿನ ತುಂಬ ಪೆನ್ಸಿಲಿನ ಬರಹ. ಚೈತ್ರಾಳ ಅಕ್ಷರ. ಪ್ರತಿ ವಾಕ್ಯದ ಕೆಳಗೆ ಕನ್ನಡ, ಪ್ರತಿ ಅಭ್ಯಾಸಕ್ಕೂ ಉತ್ತರ, ತಪ್ಪಾದದ್ದಕ್ಕೆ ಅಡ್ಡಗೆರೆ ಎಳೆದು ಮತ್ತೆ ಉತ್ತರ. ಹದಿನಾಲ್ಕನೇ ಪಾಠದ ಹಾಳೆಗಳು ತಿರುವಿ ತಿರುವಿ ಮೆತ್ತಗಾಗಿದ್ದವು. ಪಕ್ಕದಲ್ಲಿ ಮಡಿಸಿಟ್ಟ ಗೋಣಿಚೀಲ, ಕೂರುವುದಕ್ಕೆ. ಕೆಳಗಿನಿಂದ ನಮ್ಮತ್ತೆ ಕೂಗಿದರು: "ಏನೇ ಗಿರಿಜ, ನೀನೂ ಅಲ್ಲೇ ಓದ್ತೀಯಾ? ಅವಳು ದಿನಾ ಸಂಜೆ ಹತ್ತಿ ಕೂತ್ಕಂತಾಳೆ. ಕಾಯಿ ನೋಡ್ತೀನಿ ಅಜ್ಜಿ ಅಂತಾಳೆ, ಗುಣುಗುಣು ಅಂತ ಏನೋ ಓದ್ಕಂತಾಳೆ. ನೀನೇ ಕಳಿಸಿರಬೇಕು ಅಂದ್ಕಂಡಿದ್ದೆ ಬುಡು." ನಾನು ಕೆಳಗೆ ಹತ್ತನೇ ಕ್ಲಾಸಿನವರಿಗೆ ಪಾಠ ಹೇಳುತ್ತಿದ್ದಾಗ ಜಪಾನಿ ಕ್ಲಾಸು ನನ್ನ ತಲೆಯ ಮೇಲೆಯೇ ನಡೆಯುತ್ತಿತ್ತು.

ಮಧ್ಯಾಹ್ನ ಚೈತ್ರ ಬಂದಾಗ ಹಾಳೆಗಳನ್ನು ಅವಳ ಮುಂದೆ ಹರಡಿದೆ. "ಯಾವಾಗಿಂದ ಇದು?"

"ಮೊದಲನೇ ದಿನದಿಂದಾನೇ ದೊಡ್ಡಮ್ಮ."

"ನಂಗೆ ಯಾಕೆ ಹೇಳಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

"ಅಲ್ವೇ, ಬರಲ್ಲ ಅಂತ ನಾನು ಹೇಳಿದ ಮೇಲೂ ಯಾಕೆ ಓದಿದೆ?"

ಅವಳು ದುಪ್ಪಟ್ಟದ ತುದಿ ತಿರುಚಿದಳು. ಆಮೇಲೆ, "ತಪ್ಪು ತಿಳ್ಕೋಬೇಡಿ ದೊಡ್ಡಮ್ಮ. ನೀವು ಬರಲ್ಲ ಅಂದಿದ್ದೇ ಬರೋದು. ಟೆಂತಲ್ಲಿ ನಿಮ್ಮ ಹತ್ರ ಬರ್ತಿದ್ದಾಗ ನಾವೆಲ್ಲ ನೀವು ಬಿಡಿ ಅಂದಿದ್ದನ್ನೇ ಮೊದ್ಲು ಓದ್ಕೋತಿದ್ವಿ. ಟೈಮಿದ್ರೆ ಮಿಕ್ಕಿದ್ದು. ನಮ್ಮ ಸೀನಿಯರ್ಸ್ ಹೇಳ್ಕೊಟ್ಟಿದ್ರು. ಅವರಿಗೆ ಅವರ ಸೀನಿಯರ್ಸು" ಅಂದಳು.

ಇಪ್ಪತ್ತೆರಡು ವರ್ಷ. ನಾನು ಸೀದಾ ರಿಯಾಜನ ಅಂಗಡಿಗೆ ನಡೆದೆ. ಅವನು ಕತ್ತರಿ ಎತ್ತಿಕೊಂಡ. ಕತ್ತರಿ ಕೆಳಗಿಡು ಎಂದು ವಿಷಯ ಕೇಳಿದೆ. "ಅದು ನಿಮಗೆ ಈಗ ಗೊತ್ತಾಯ್ತಾ ಮಿಸ್?" ಅಂದ, ತೀರಾ ಮರುಕದಿಂದ. "ನಾನು ಸೈನ್ಸಲ್ಲಿ ಪಾಸಾಗಿದ್ದೇ ಅದರಿಂದ. ಮುಖ ಸಪ್ಪಗೆ ಮಾಡ್ಕೋಬೇಡಿ ಮಿಸ್, ಒಂದು ವರ್ಷಾನೂ ತಪ್ಪಿಲ್ಲ ನಿಮ್ಮದು." ಕುರ್ಚಿ ಒರೆಸಿ ಕೂರಿಸಿ ಟೀ ತರಿಸಿಕೊಟ್ಟ. ಹುಡುಗಿ ಉಳಿದಳು ಎನ್ನುವ ಸಂತೋಷ ನನ್ನ ಅವಮಾನಕ್ಕಿಂತ ದೊಡ್ಡದಾಗಿತ್ತು. ತೀರಾ ದೊಡ್ಡದೇನಲ್ಲ, ಒಂದು ಗುಂಜಿಯಷ್ಟು. ಟೀ ಕುಡಿಯುತ್ತಾ ನೆನಪಿಗೆ ಬಂದ ಬೇರೆ ಇಬ್ಬರು ಹಳೇ ಶಿಷ್ಯರನ್ನು ಮನಸ್ಸಿನಲ್ಲೇ ಬೈದೆ, ಆಮೇಲೆ ಅವರಿಬ್ಬರೂ ಡಿಸ್ಟಿಂಕ್ಷನ್ ಎಂದು ನೆನಪಾಗಿ ಬೈಯುವುದನ್ನು ನಿಲ್ಲಿಸಿದೆ.

ಪರೀಕ್ಷೆಗೆ ಚೈತ್ರ, ನಾನು ಇಬ್ಬರೂ ಬೆಂಗಳೂರಿಗೆ ಹೋದೆವು. ಘೋಷಣೆ ಮಾಡಿ ಅರ್ಜಿ ಹಾಕಿದ್ದವಳು ತಪ್ಪಿಸಿಕೊಳ್ಳುವುದು ಹೇಗೆ? ನನ್ನ ಸುತ್ತ ಕೂತವರೆಲ್ಲ ನನ್ನ ಮಕ್ಕಳ ವಯಸ್ಸಿನವರು. ಮೇಲ್ವಿಚಾರಕಿ ಬಂದು, ಅಪ್ಪ ಅಮ್ಮಂದಿರು ಹೊರಗೆ ಕಾಯಬೇಕು ಎಂದು ನನಗೆ ವಿನಯದಿಂದ ಹೇಳಿದಳು. ಹಾಲ್ ಟಿಕೆಟ್ ತೋರಿಸಿದೆ. ಕೇಳಿಸಿಕೊಂಡು ಉತ್ತರಿಸುವ ಭಾಗದಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಬಹಳ ಹೊತ್ತು ಏನೋ ಮಾತಾಡಿಕೊಂಡರು; ಬಸ್ಸಿನ ವಿಷಯ ಅನ್ನುವುದು ಖಾತ್ರಿಯಾಯಿತು, ಬಸ್ಸು ಬಂತೋ ಹೋಯಿತೋ ತಿಳಿಯಲಿಲ್ಲ. ಎರಡು ಸಾಲು ಮುಂದೆ ಚೈತ್ರ ತಲೆ ಎತ್ತದೆ ಗುರುತು ಹಾಕುತ್ತಿದ್ದಳು. ಅವಳ ಜಡೆ ನೋಡಿಕೊಂಡೇ ಉಳಿದ ಹೊತ್ತನ್ನು ಕಳೆದೆ, ಅಷ್ಟು ಹೆಮ್ಮೆಯಾಗುತ್ತಿತ್ತು.

ಫಲಿತಾಂಶ ಬಂತು. ಚೈತ್ರ ಪಾಸು, ಒಳ್ಳೆಯ ಅಂಕ, ತರಬೇತಿಗೆ ಜಾಗ ಖಾಯಂ. ನಾನು ಏನಾದೆನೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸರೋಜ ಹೋಳಿಗೆ ಮಾಡಿಕೊಂಡು ಬಂದು ನನ್ನನ್ನು ತಬ್ಬಿಕೊಂಡು ಅತ್ತು, ನಮ್ಮಕ್ಕನೇ ಹೇಳಿಕೊಟ್ಟಿದ್ದು ಅಂತ ಶೆಟ್ಟಿಕೆರೆಯಿಂದ ಹುಳಿಯಾರಿನವರೆಗೆ ಸಾರಿಬಿಟ್ಟಳು. ಅವಳು ಅಷ್ಟು ಖುಷಿಯಲ್ಲಿದ್ದಾಗ ತಿದ್ದುವುದು ಸರಿಯಲ್ಲವೆಂದು ನಾನೂ ಎರಡು ಹೋಳಿಗೆ ತಿಂದು ಸುಮ್ಮನಾದೆ. ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಗುವುದಾದರೆ ನಾರು ಯಾಕೆ ಬೇಡವೆನ್ನಬೇಕು?

ಮುಂದಿನ ಸೋಮವಾರ ಮೂರೂವರೆಗೆ ಬಾಗಿಲು ತಟ್ಟಿದ ಶಬ್ದ. ಅದೇ ನರ್ಸಿಂಗ್ ಹೋಮಿನ ಮೂವರು ಹುಡುಗಿಯರು, ಕಂಕುಳಲ್ಲಿ ಹೊಸದಾಗಿ ಬೈಂಡ್ ಮಾಡಿಸಿದ ದಪ್ಪನೆಯ ಜಪಾನಿ ಪುಸ್ತಕ. ನಮಗೂ ಹೇಳಿಕೊಡಬೇಕು ಮಿಸ್ ಅಂದರು. ಈ ಸಲ ನನ್ನೊಳಗಿನ ಯಾವುದೋ ಒಂದು ಒಳ್ಳೆಯ ಗುಣ ತಡೆಯಲಾರದೆ ಎದ್ದು ನಿಂತಿತು. "ನೋಡ್ರಮ್ಮ, ನಿಮ್ಮ ಜೀವನದ ಪ್ರಶ್ನೆ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನಂಗೆ ಜಪಾನಿ ಬರಲ್ಲ. ನಾನು ಫೇಲಾಗಿದ್ದೀನಿ" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಚಾಪೆಯ ಮುಂದೆ ನಿಜ ಹೇಳಿದ್ದೆ.

ಮೂವರಲ್ಲಿ ನಡುವಿನವಳು ನನಗೆ ಸಮಾಧಾನ ಹೇಳುವ ದನಿಯಲ್ಲಿ ಅಂದಳು: "ಗೊತ್ತು ಮಿಸ್, ಚೈತ್ರಕ್ಕ ಎಲ್ಲಾ ಹೇಳಿದ್ರು. ನೀವು ಪಾಠ ಮಾಡೋದೇನೂ ಬೇಡ್ವಂತೆ. ಪುಸ್ತಕ ನೋಡ್ಕೊಂಡು, ನಿಮಗೆ ಎಲ್ಲೆಲ್ಲಿ ಭಯ ಆಗುತ್ತೋ ಅಲ್ಲಿ ಒಂದು ಗುರುತು ಹಾಕಿಕೊಟ್ರೆ ಸಾಕಂತೆ. ನಾವು ಅದನ್ನ ಓದ್ಕೋತೀವಿ."

ಬೇರೆ ಯಾವ ಕಸುಬೂ ನನಗೆ ಬರುವುದಿಲ್ಲ. ಮೂವರನ್ನೂ ಚಾಪೆಯ ಮೇಲೆ ಕೂರಿಸಿ, ಪೆನ್ಸಿಲ್ ಚೂಪು ಮಾಡಿಕೊಂಡು, ಕನ್ನಡಕ ಏರಿಸಿ, ಮೊದಲನೇ ಪುಟದಿಂದಲೇ ಶ್ರದ್ಧೆಯಾಗಿ ಹೆದರಲು ಶುರುಮಾಡಿದೆ.